ಪೋಕರ್ ಕೋಚಿಂಗ್‌ಗೆ 60,000 ರೂಪಾಯಿ ಕೊಡಬಹುದಾ? (ಪುಣೆಯಿಂದ ಪ್ರಶ್ನೆ)

ಹಿಂಜವಡಿ ಹುಡುಗ · ಶನಿವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ, ಅನ್ನ ಕೊಡುತ್ತಿರುವುದು ಪುಣೆ. ಆಫೀಸಿನ ಗೆಳೆಯರ ಜೊತೆ ವರ್ಷಕ್ಕೆ ಮೂರ್ನಾಲ್ಕು ಸಲ ಗೋವಾಕ್ಕೆ ಹೋಗುತ್ತೇನೆ. ಅವರು ಬೀಚಿಗೆ, ನಾನು ಮಾಂಡವಿ ನದಿಯ ಹಡಗಿನ ಪೋಕರ್ ರೂಮಿಗೆ. ಟೆಕ್ಸಸ್ ಹೋಲ್ಡೆಮ್ ಎಂಬ ಬಗೆಯ ಪೋಕರ್, 100–200 ಬ್ಲೈಂಡ್‌ನ ಟೇಬಲ್, ಅಂದರೆ ಪ್ರತಿ ಸುತ್ತಿಗೂ ಮೊದಲೇ ಇಬ್ಬರು 100, 200 ರೂಪಾಯಿ ಕಡ್ಡಾಯವಾಗಿ ಹಾಕುವ ಟೇಬಲ್. ಮೊದಲು ಮೊಬೈಲ್‌ನಲ್ಲೂ ಸಣ್ಣ ದುಡ್ಡಿಗೆ ಆಡುತ್ತಿದ್ದೆ. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂದು ದುಡ್ಡಿನ ಆನ್‌ಲೈನ್ ಆಟವೆಲ್ಲ ಬಂದ್ ಆಯಿತಲ್ಲ, ಅಲ್ಲಿಗೆ ಅದು ಮುಗಿಯಿತು.

ಈಗ ಪರಿಚಯದವರ ಮೂಲಕ ಒಬ್ಬ ಕೋಚ್ ಸಿಕ್ಕಿದ್ದಾರೆ. ಹತ್ತು ಕ್ಲಾಸು, ಒಂದೊಂದು ಒಂದೂವರೆ ಗಂಟೆ, ವಿಡಿಯೊ ಕಾಲ್‌ನಲ್ಲಿ. ಫೀಸು 60,000 ರೂಪಾಯಿ, ಮೊದಲೇ ಕಟ್ಟಬೇಕು. "ಒಂದು ವರ್ಷದಲ್ಲಿ ದುಡ್ಡು ವಾಪಸ್ ಬರುತ್ತದೆ" ಎನ್ನುತ್ತಾರೆ. ನನಗೆ ನಿಯಮ, ಪಾಟ್ ಆಡ್ಸ್ (ಹಾಕುವ ದುಡ್ಡಿಗೂ ಗೆಲ್ಲಬಹುದಾದ ದುಡ್ಡಿಗೂ ಇರುವ ಲೆಕ್ಕ), ಪೊಸಿಷನ್ (ಯಾರ ನಂತರ ನಮ್ಮ ಸರದಿ) ಇಷ್ಟು ಗೊತ್ತಿದೆ. ಒಟ್ಟಾರೆ ಸೋತಿದ್ದೇನೆ, ಮನೆ ಮಾರುವಷ್ಟಲ್ಲ. ಕೋಚಿಂಗ್ ತೆಗೆದುಕೊಂಡವರು ಯಾರಾದರೂ ಇದ್ದೀರಾ? ಕೊಟ್ಟ ದುಡ್ಡಿಗೆ ಮೋಸ ಇಲ್ಲವಾ?

ಮಾಟುಂಗಾ ಮಾವ · ಶನಿವಾರ, ರಾತ್ರಿ 11:05

ಇಸ್ಪೀಟಿಗೂ ಟ್ಯೂಷನ್ನಾ ಮಾರಾಯ! ನಮ್ಮ ಕಾಲದಲ್ಲಿ ಕಿಂಗ್ಸ್ ಸರ್ಕಲ್ ಕಡೆ ಹೋಟೆಲಿನ ಶಟರ್ ಎಳೆದ ಮೇಲೆ ಹುಡುಗರು ಗೋಣಿ ಹಾಸಿಕೊಂಡು ರಮ್ಮಿಗೆ ಕೂರುತ್ತಿದ್ದರು. ಯಾರೂ ಯಾರಿಗೂ ಫೀಸು ಕೊಡಲಿಲ್ಲ. ಸೋತವನು ಬೆಳಿಗ್ಗೆ ಬೇಗ ಎದ್ದು ಹಿಟ್ಟು ರುಬ್ಬುತ್ತಿದ್ದ, ಅದೇ ಫೀಸು.

ನನ್ನದು ಒಂದೇ ಪ್ರಶ್ನೆ. ಗೆಲ್ಲುವ ಗುಟ್ಟು ಅವನಿಗೆ ಗೊತ್ತಿದ್ದರೆ ಗೋವಾದಲ್ಲಿ ಕೂತು ಗೆಲ್ಲಲಿ. ನಿನಗೆ ಯಾಕೆ ಹೇಳಿಕೊಡುತ್ತಾನೆ?

ಥಾಣೆ ರಾಣಿ · ಶನಿವಾರ, ರಾತ್ರಿ 11:31

ಮಾವ, ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಉತ್ತರ ಅಷ್ಟು ಗುಟ್ಟಿನದೇನಲ್ಲ. ಚೆನ್ನಾಗಿ ಆಡುವವರಿಗೂ ಪೋಕರ್ ದುಡ್ಡು ತಿಂಗಳ ಸಂಬಳದ ಹಾಗೆ ಬರುವುದಿಲ್ಲ. ಎರಡು ತಿಂಗಳು ಒಂದೇ ಸಮ ಸೋಲಬಹುದು. ಮನೆ ಬಾಡಿಗೆ ಮಾತ್ರ ಒಂದನೇ ತಾರೀಕಿಗೆ ಬಂದೇ ಬರುತ್ತದೆ. ಹಾಗಾಗಿ ಪಾಠ ಹೇಳಿ ಒಂದಿಷ್ಟು ಖಚಿತ ಆದಾಯ ಮಾಡಿಕೊಳ್ಳುತ್ತಾರೆ. ಅದರಲ್ಲಿ ತಪ್ಪಿಲ್ಲ. ಮೇಲಾಗಿ ಆನ್‌ಲೈನ್ ಬಂದ್ ಆದ ಮೇಲೆ ಅದನ್ನೇ ನಂಬಿದ್ದವರು ಏನಾದರೂ ಮಾಡಬೇಕಲ್ಲ. ನನಗೆ ಗೊತ್ತಿರುವ ಇಬ್ಬರು ಈಗ ಬರೀ ಪಾಠವೇ ಮಾಡುತ್ತಿದ್ದಾರೆ.

ನಾನು ಕೋಚಿಂಗ್ ತೆಗೆದುಕೊಂಡಿದ್ದೇನೆ. ನನಗೆ ಲಾಭ ಆಗಿದೆ. ಆದರೆ ಹುಡುಗನ ಪ್ಯಾಕೇಜ್ ಥರ ಅಲ್ಲ. ನಾಳೆ ವಿವರವಾಗಿ ಬರೆಯುತ್ತೇನೆ, ಈಗ ಕಣ್ಣು ಮುಚ್ಚುತ್ತಿದೆ.

ಲೆಕ್ಕದ ಮೇಷ್ಟ್ರು · ಭಾನುವಾರ, ಬೆಳಿಗ್ಗೆ 7:15

ಕೊಥ್ರೂಡ್‌ನಿಂದ ನಮಸ್ಕಾರ. ನಾನು ದುಡ್ಡಿಟ್ಟು ಆಡುವವನಲ್ಲ, ಸಂಖ್ಯಾಶಾಸ್ತ್ರ ಹೇಳಿಕೊಡುವವನು. "ಒಂದು ವರ್ಷದಲ್ಲಿ ದುಡ್ಡು ವಾಪಸ್" ಎಂಬ ಮಾತು ಕಂಡು ಸುಮ್ಮನಿರಲಾಗಲಿಲ್ಲ.

ಹುಡುಗ ವರ್ಷಕ್ಕೆ ನಾಲ್ಕು ಸಲ ಹೋಗುತ್ತಾನೆ ಎಂದುಕೊಳ್ಳೋಣ. ಪ್ರತಿ ಸಲ ಎರಡು ರಾತ್ರಿ, ರಾತ್ರಿಗೆ ಎಂಟು ಗಂಟೆ. ಒಟ್ಟು 64 ಗಂಟೆ. ಡೀಲರ್ ಕೈಯಿಂದ ಎಲೆ ಹಂಚುವ ಟೇಬಲ್‌ನಲ್ಲಿ ಗಂಟೆಗೆ 25ರಿಂದ 30 ಹ್ಯಾಂಡ್, ಅಂದರೆ ಸುತ್ತು, ಆಗುತ್ತವೆ. ವರ್ಷಕ್ಕೆ ಸುಮಾರು 1,800 ಹ್ಯಾಂಡ್ ಅಂತ ಇಟ್ಟುಕೊಳ್ಳಿ.

ಪೋಕರ್‌ನವರು ಲಾಭ ನಷ್ಟವನ್ನು 100 ಹ್ಯಾಂಡಿಗೆ ಎಷ್ಟು ಬಿಗ್ ಬ್ಲೈಂಡ್ (ಎರಡು ಬ್ಲೈಂಡ್‌ನಲ್ಲಿ ದೊಡ್ಡದು) ಎಂದು ಅಳೆಯುತ್ತಾರೆ. ಕೋಚಿಂಗ್‌ನಿಂದ ಆಟ 100 ಹ್ಯಾಂಡಿಗೆ 5 ಬಿಗ್ ಬ್ಲೈಂಡ್ ಸುಧಾರಿಸಿತು ಎನ್ನಿ. ಅದು ಒಳ್ಳೆಯ ಸುಧಾರಣೆಯೇ. 1,800 ಹ್ಯಾಂಡಿಗೆ 90 ಬಿಗ್ ಬ್ಲೈಂಡ್. ನಿಮ್ಮ ಟೇಬಲ್‌ನಲ್ಲಿ ಬಿಗ್ ಬ್ಲೈಂಡ್ 200 ರೂಪಾಯಿ. ಅಂದರೆ ವರ್ಷಕ್ಕೆ 18,000. ಫೀಸು ಹುಟ್ಟಲು ಮೂರು ವರ್ಷದ ಮೇಲೆ ಬೇಕು.

ಇನ್ನೂ ಒಂದು ಇದೆ, ಅದೇ ಮುಖ್ಯ. ಈ ಆಟದಲ್ಲಿ 100 ಹ್ಯಾಂಡಿನ ಏರಿಳಿತ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, ಸಾಮಾನ್ಯವಾಗಿ 80ರಿಂದ 100 ಬಿಗ್ ಬ್ಲೈಂಡ್ ಇರುತ್ತದೆ. 90 ಹಿಡಿಯೋಣ. 1,800 ಹ್ಯಾಂಡಿಗೆ ಅದು 382 ಬಿಗ್ ಬ್ಲೈಂಡ್ ಆಗುತ್ತದೆ. ರೂಪಾಯಿಯಲ್ಲಿ 76,000. ಅದೃಷ್ಟ ಒಂದೇ ನಿಮ್ಮನ್ನು ವರ್ಷಕ್ಕೆ 76,000 ಮೇಲೆ ಕೆಳಗೆ ಎತ್ತಿ ಹಾಕುವ ಕಡೆ, ಕೋಚಿಂಗ್ ತಂದ 18,000 ಕಣ್ಣಿಗೆ ಬೀಳುವುದಾದರೂ ಹೇಗೆ? ವರ್ಷದ ಕೊನೆಗೆ ಗೆದ್ದರೆ ಕೋಚ್ ದೊಡ್ಡವನಲ್ಲ, ಸೋತರೆ ಕಳ್ಳನೂ ಅಲ್ಲ.

5 ಬಿಗ್ ಬ್ಲೈಂಡ್ ಸುಧಾರಣೆ ನಿಜವಾಗಿ ಆಗಿದೆ ಎಂದು ಒಂದು ಮಟ್ಟಕ್ಕೆ ಧೈರ್ಯವಾಗಿ ಹೇಳಲು ಸುಮಾರು 1,30,000 ಹ್ಯಾಂಡ್ ಬೇಕು. ನಿಮ್ಮ ವೇಗದಲ್ಲಿ 72 ವರ್ಷ.

ಹಿಂಜವಡಿ ಹುಡುಗ · ಭಾನುವಾರ, ಬೆಳಿಗ್ಗೆ 9:02

72 ವರ್ಷ!! ಮೇಷ್ಟ್ರೇ, ನನ್ನ ಮೊಮ್ಮಗ ಬಂದು ಇಲ್ಲಿ ಫಲಿತಾಂಶ ಹಾಕುತ್ತಾನೆ.

ಆದರೂ ಒಂದು ಅನುಮಾನ. 1,30,000 ಜಾಸ್ತಿ ಆಯಿತಲ್ವಾ? ಟೇಬಲ್‌ನಲ್ಲಿ ಒಂದು ಗಂಟೆ ಕೂತರೆ ಯಾರು ಚೆನ್ನಾಗಿ ಆಡುತ್ತಾರೆ ಅಂತ ಗೊತ್ತಾಗುತ್ತದೆ.

ಲೆಕ್ಕದ ಮೇಷ್ಟ್ರು · ಭಾನುವಾರ, ಬೆಳಿಗ್ಗೆ 9:40

ಆಟ ನೋಡಿ ಗೊತ್ತಾಗುತ್ತದೆ, ದುಡ್ಡು ನೋಡಿ ಗೊತ್ತಾಗುವುದಿಲ್ಲ. ಇವೆರಡು ಬೇರೆ.

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 2015ರಲ್ಲಿ ಕ್ಲಾಡಿಕೊ ಎಂಬ ಕಂಪ್ಯೂಟರ್ ಪ್ರೋಗ್ರಾಂ ಅನ್ನು ನಾಲ್ವರು ವೃತ್ತಿಪರ ಆಟಗಾರರ ಎದುರು ಕೂರಿಸಿದರು. 80,000 ಹ್ಯಾಂಡ್ ಆಡಿದರು. ಮನುಷ್ಯರೇ 7 ಲಕ್ಷಕ್ಕೂ ಹೆಚ್ಚು ಚಿಪ್ಸ್ ಮುಂದಿದ್ದರು. ಆದರೂ ಸಂಶೋಧಕರು ಇದು ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಡ್ರಾ ಎಂದರು. ಆಟಗಾರರಿಗೆ ಸಿಟ್ಟು ಬಂದಿರಬೇಕು ಪಾಪ. 2017ರ ಜನವರಿಯಲ್ಲಿ ಲಿಬ್ರಾಟಸ್ ಎಂಬ ಹೊಸ ಪ್ರೋಗ್ರಾಂ ತಂದಾಗ 1,20,000 ಹ್ಯಾಂಡ್ ಇಟ್ಟರು. ಒಂದು ಕೋಣೆಯಲ್ಲಿ ಮನುಷ್ಯನಿಗೆ ಬಂದ ಎಲೆಯೇ ಇನ್ನೊಂದು ಕೋಣೆಯಲ್ಲಿ ಯಂತ್ರಕ್ಕೆ ಬರುವ ಹಾಗೆ ಮಾಡಿದ್ದರು, ಅದೃಷ್ಟದ ಪಾಲು ಕಡಿಮೆಯಾಗಲಿ ಎಂದು. ಆ ಸಲ ಯಂತ್ರ 100 ಹ್ಯಾಂಡಿಗೆ 14.7 ಬಿಗ್ ಬ್ಲೈಂಡ್ ಲೆಕ್ಕದಲ್ಲಿ ಗೆದ್ದಿತು, ಯಾರೂ ತಕರಾರು ತೆಗೆಯಲಿಲ್ಲ.

ಅಷ್ಟು ದೊಡ್ಡ ಪಂದ್ಯಕ್ಕೇ ಅಷ್ಟು ಹ್ಯಾಂಡ್ ಬೇಕಾಯಿತು. ಗೋವಾದ ಒಂದು ವೀಕೆಂಡ್ ಯಾವ ಲೆಕ್ಕ?

ಪಣಜಿ ಪಕ್ಕದವನು · ಭಾನುವಾರ, ಮಧ್ಯಾಹ್ನ 1:20

ಮೂಲ ಹುಬ್ಬಳ್ಳಿ. ಪಣಜಿಯ ಹಡಗೊಂದರಲ್ಲಿ ಕೆಲವು ವರ್ಷ ಡೀಲರ್ ಆಗಿದ್ದೆ, ಈಗ ಬೇರೆ ಕೆಲಸ. ಮೇಷ್ಟ್ರು ಹೇಳಿದ 25–30 ಹ್ಯಾಂಡ್ ಸರಿ. ಟೇಬಲ್‌ನಲ್ಲಿ ಕುಡಿದ ಅಂಕಲ್ ಒಬ್ಬರಿದ್ದರೆ 20ಕ್ಕೆ ಇಳಿಯುತ್ತದೆ.

ಹೊರಗಿನವರಿಗೆ ಗೊತ್ತಿಲ್ಲದ ಒಂದು ಮಾತು. ಗೋವಾದ ಸ್ಥಳೀಯರಿಗೆ 2020ರ ಫೆಬ್ರವರಿಯಿಂದ ಕ್ಯಾಸಿನೊ ಒಳಗೆ ಆಡಲು ಬಿಡುವುದಿಲ್ಲ. 21 ತುಂಬದವರಿಗೂ ಪ್ರವೇಶ ಇಲ್ಲ. ಹಾಗಾಗಿ ಟೇಬಲ್‌ನಲ್ಲಿ ಕೂರುವವರೆಲ್ಲ ಮುಂಬಯಿ, ಪುಣೆ, ಬೆಂಗಳೂರು, ಹೈದರಾಬಾದ್, ದೆಹಲಿ ಕಡೆಯವರು. ರಜೆಗೆ ಬಂದವರು. ಎರಡು ದಿನ ಆಡಬೇಕು, ಮಜಾ ಮಾಡಬೇಕು. ಫೋಲ್ಡ್ ಮಾಡುತ್ತಾ, ಅಂದರೆ ಎಲೆ ಬಿಡುತ್ತಾ, ಕೂರಲು ಅಷ್ಟು ದೂರದಿಂದ ಬರುತ್ತಾರಾ? ಒಬ್ಬ ರೇಜ್ ಮಾಡಿದರೆ, ಅಂದರೆ ದುಡ್ಡು ಏರಿಸಿದರೆ, ನಾಲ್ಕು ಜನ ಕಾಲ್, ಅಷ್ಟೇ ಹಾಕಿ ಆಟದಲ್ಲಿ ಉಳಿಯುತ್ತಾರೆ.

ಇಂಥ ಟೇಬಲ್‌ಗೆ ಕೋಚಿಂಗ್ ಮುಗಿಸಿದ ಹುಡುಗರು ಬರುವುದನ್ನು ಡೀಲರ್ ಕುರ್ಚಿಯಿಂದ ತುಂಬಾ ನೋಡಿದ್ದೇನೆ. ಎಲೆ ಹಿಡಿಯುವುದರಲ್ಲೇ ಗೊತ್ತಾಗುತ್ತದೆ. ಸಾಲ್ವರ್ ಎಂಬ ಸಾಫ್ಟ್‌ವೇರ್ ಹೇಳಿದ್ದನ್ನು ಬಾಯಿಪಾಠ ಮಾಡಿರುತ್ತಾರೆ. ಪಾಟ್‌ನ (ನಡುವೆ ಸೇರಿದ ದುಡ್ಡಿನ) ಮೂರನೇ ಒಂದು ಭಾಗ ಬೆಟ್, ಆಮೇಲೆ ಟರ್ನ್‌ನಲ್ಲಿ (ಟೇಬಲ್ ಮೇಲೆ ತೆರೆಯುವ ನಾಲ್ಕನೇ ಎಲೆಗೆ) ದೊಡ್ಡ ಬ್ಲಫ್, ಕೈಯಲ್ಲಿ ಏನೂ ಇಲ್ಲದೆ ಹೆದರಿಸುವುದು. ಎದುರಿಗೆ ಕೂತ ಬಟ್ಟೆ ಅಂಗಡಿ ಸೇಠ್‌ಗೆ ಜೋಡಿ ಒಂಬತ್ತು ಸಿಕ್ಕಿದೆ. ಅವರು ಬಿಡುವುದಿಲ್ಲ. "ದೇಖ್ ಲೇತೇ ಹೈ" ಎಂದು ಚಿಪ್ಸ್ ತಳ್ಳುತ್ತಾರೆ. ಹುಡುಗನ ಮುಖ ನೋಡಬೇಕು. ಇಬ್ಬರೇ ಚೆನ್ನಾಗಿ ಆಡುವಾಗ ಸರಿಯಾಗುವ ಪಾಠ, ಐದು ಜನ ಕಾಲ್ ಮಾಡುವ ಟೇಬಲ್‌ನಲ್ಲಿ ನಡೆಯುವುದಿಲ್ಲ.

ಆದ್ದರಿಂದ ತಮ್ಮಾ, ಕೋಚ್‌ಗೆ ಮೊದಲು ಕೇಳು: ನೀವು ಕಲಿಸುವುದು ಆನ್‌ಲೈನ್ ಆಟವಾ, ಹಡಗಿನ ಆಟವಾ? "ಎಲ್ಲ ಒಂದೇ" ಎಂದರೆ ಕೈಮುಗಿದು ಬಾ.

ರೇಕ್ ಮರೆಯಬೇಡ. ಪ್ರತಿ ಪಾಟ್‌ನಿಂದ ಕ್ಯಾಸಿನೊದವರು ತಮ್ಮ ಪಾಲು ತೆಗೆದು ಟೇಬಲ್‌ನ ಸಂದಿಗೆ ಹಾಕುತ್ತಾರಲ್ಲ, ಅದು. ಸಣ್ಣ ಟೇಬಲ್‌ನಲ್ಲಿ ಅದರ ಪೆಟ್ಟು ಜಾಸ್ತಿ. ಎಲ್ಲರಿಗಿಂತ ಸ್ವಲ್ಪ ಚೆನ್ನಾಗಿ ಆಡಿದರೆ ಸಾಲದು, ರೇಕ್ ಕಳೆದೂ ಉಳಿಯುವಷ್ಟು ಚೆನ್ನಾಗಿ ಆಡಬೇಕು.

ಡೊಂಬಿವಲಿ ಸಿಎ · ಭಾನುವಾರ, ಸಂಜೆ 4:48

ತೆರಿಗೆಯ ಮಾತು ಯಾರೂ ಎತ್ತಲಿಲ್ಲ, ಹಾಗಾಗಿ ನಾನೇ ಬಂದೆ.

ಇಸ್ಪೀಟಿನ ಆಟದಲ್ಲಿ ಗೆದ್ದ ದುಡ್ಡಿಗೆ ಆದಾಯ ತೆರಿಗೆ ಕಾಯ್ದೆಯ ಪ್ರಕಾರ ನೇರ ಶೇ 30. ಸೆಸ್ ಸೇರಿ ಶೇ 31.2. ನಿಮ್ಮ ಸಂಬಳದ ಸ್ಲ್ಯಾಬ್ ಯಾವುದೇ ಇರಲಿ, ಇದು ಹೀಗೇ. ಸೋತಿದ್ದನ್ನು ಗೆದ್ದಿದ್ದರಲ್ಲಿ ಕಳೆಯಲು ಬಿಡುವುದಿಲ್ಲ. ಜೂನ್‌ನಲ್ಲಿ 50,000 ಗೆದ್ದಿರಿ, ಡಿಸೆಂಬರ್‌ನಲ್ಲಿ 50,000 ಸೋತಿರಿ. ನಿಮ್ಮ ಲೆಕ್ಕದಲ್ಲಿ ಸಮ. ಇಲಾಖೆ ಲೆಕ್ಕದಲ್ಲಿ 15,600 ಬಾಕಿ.

ಖರ್ಚನ್ನೂ ಕಳೆಯುವ ಹಾಗಿಲ್ಲ. ಕಾಯ್ದೆ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಬಸ್ ಟಿಕೆಟ್ ಇಲ್ಲ, ಹೋಟೆಲ್ ಇಲ್ಲ, ಕೋಚಿಂಗ್ ಫೀಸೂ ಇಲ್ಲ. 60,000 ಫೀಸು ಹುಟ್ಟಬೇಕಾದರೆ ತೆರಿಗೆಗೆ ಮುಂಚೆ 87,000ಕ್ಕಿಂತ ಜಾಸ್ತಿ ಗೆಲ್ಲಬೇಕು. ಮೇಷ್ಟ್ರ 18,000ದಲ್ಲೂ ತೆರಿಗೆ ಕಳೆದುಕೊಳ್ಳಿ.

ಕೋಚ್ ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಫೀಸಿನ ಮೇಲೆ ಶೇ 18 ಬೀಳುತ್ತದೆ, 70,800 ಆಗುತ್ತದೆ. ಸೇರಿಸಿ ಹೇಳಿದ್ದಾ, ಬಿಟ್ಟು ಹೇಳಿದ್ದಾ ಕೇಳಿ. ಕ್ಯಾಸಿನೊ ಕಡೆ ಜಿಎಸ್‌ಟಿ ಮೊದಲು ಶೇ 28 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 40. ಚಿಪ್ಸ್ ಕೊಳ್ಳುವಾಗ ರಸೀದಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ನಗದು ಗೆಲುವು ಯಾರಿಗೆ ಗೊತ್ತಾಗುತ್ತದೆ ಎಂದು ದಯವಿಟ್ಟು ನನ್ನನ್ನು ಕೇಳಬೇಡಿ. ನಾನು ಸಿಎ.

ಮಾಟುಂಗಾ ಮಾವ · ಭಾನುವಾರ, ಸಂಜೆ 5:10

ನೋಡು ಮಗಾ, ಮೇಷ್ಟ್ರು ಒಂದು ಕಡೆಯಿಂದ, ಸಿಎ ತಾಯಿ ಇನ್ನೊಂದು ಕಡೆಯಿಂದ. ಕೋಚ್ ಬಿಡು, ಆಟವನ್ನೇ ಬಿಡು. ದೀಪಾವಳಿಗೆ ಮನೆಗೆ ಬಾ, ಹತ್ತು ಪೈಸೆ ಪಾಯಿಂಟ್ ರಮ್ಮಿ ಆಡೋಣ.

ಥಾಣೆ ರಾಣಿ · ಭಾನುವಾರ, ರಾತ್ರಿ 9:25

ಮೇಷ್ಟ್ರ ಲೆಕ್ಕ ಒಪ್ಪುತ್ತೇನೆ. ಆದರೆ ಅದರಲ್ಲಿ ಒಂದು ಅಂಕಿ ಅವರೇ ಇಟ್ಟಿದ್ದು. ಸುಧಾರಣೆ 5 ಬಿಗ್ ಬ್ಲೈಂಡ್ ಮಾತ್ರ ಯಾಕೆ? ಹೊಸಬರು 100 ಹ್ಯಾಂಡಿಗೆ 30 ಬಿಗ್ ಬ್ಲೈಂಡ್ ಸೋಲುವುದು ದೊಡ್ಡ ವಿಷಯವೇ ಅಲ್ಲ. ಅದು 10ಕ್ಕೆ ಇಳಿದರೂ 20 ಉಳಿಯಿತು. ಅದೇ 1,800 ಹ್ಯಾಂಡಿಗೆ 360 ಬಿಗ್ ಬ್ಲೈಂಡ್, ಅಂದರೆ 72,000 ರೂಪಾಯಿ ವರ್ಷಕ್ಕೆ. ಸೋಲು ಕಡಿಮೆಯಾದರೆ ಅದಕ್ಕೆ ತೆರಿಗೆಯೂ ಇಲ್ಲ ಅಲ್ವಾ ಸಿಎ ಅಕ್ಕ? ಗೆಲ್ಲದಿದ್ದರೂ ಫೀಸು ಹುಟ್ಟಿತು.

ಈಗ ನನ್ನ ವಿಷಯ. ನಾನು ಪ್ಯಾಕೇಜ್ ತೆಗೆದುಕೊಳ್ಳಲಿಲ್ಲ. ಗಂಟೆ ಲೆಕ್ಕ. ಗಂಟೆಗೆ 4,000. ಪಾಠ ಇಲ್ಲ, ಸ್ಲೈಡ್ ಇಲ್ಲ. ನಾನು ಆಡಿದ ಹ್ಯಾಂಡ್ ಬರೆದು ಕಳಿಸಬೇಕು, ಅದರ ಮೇಲೆ ಮಾತ್ರ ಮಾತು. ಒಂದು ಹ್ಯಾಂಡ್ ಇಲ್ಲಿ ಹಾಕುತ್ತೇನೆ.

100–200 ಟೇಬಲ್. ನಾನು ಬಟನ್‌ನಲ್ಲಿ, ಅಂದರೆ ಕೊನೆಯ ಸರದಿಯ ಜಾಗದಲ್ಲಿ. ಕೈಯಲ್ಲಿ ಕಳಾವರ್ ಎಕ್ಕ, ಡೈಮಂಡ್ ರಾಣಿ. 800ಕ್ಕೆ ರೇಜ್ ಮಾಡಿದೆ. ಬಿಗ್ ಬ್ಲೈಂಡ್‌ನಲ್ಲಿದ್ದ ವಯಸ್ಸಾದವರು ಕಾಲ್ ಮಾಡಿದರು. ಪಾಟ್ 1,700. ಫ್ಲಾಪ್, ಅಂದರೆ ಎಲ್ಲರಿಗೂ ಸೇರಿದಂತೆ ಟೇಬಲ್ ಮೇಲೆ ತೆರೆಯುವ ಮೊದಲ ಮೂರು ಎಲೆ: ಆಟೀನ್ ರಾಣಿ, ಆಟೀನ್ ಒಂಬತ್ತು, ಕಳಾವರ್ ನಾಲ್ಕು. ನಾನು 1,000 ಹಾಕಿದೆ, ಅವರು ಕಾಲ್. ಟರ್ನ್ ಇಸ್ಪೀಟ್ ಎರಡು. 2,500 ಹಾಕಿದೆ, ಮತ್ತೆ ಕಾಲ್. ಪಾಟ್ 8,700. ರಿವರ್, ಅಂದರೆ ಕೊನೆಯ ಐದನೇ ಎಲೆ, ಆಟೀನ್ ಗುಲಾಮ. ಅಲ್ಲಿಯವರೆಗೆ ಸುಮ್ಮನೆ ಕಾಲ್ ಮಾಡುತ್ತಿದ್ದವರು ತಾವಾಗಿಯೇ 6,500 ಮುಂದಿಟ್ಟರು.

ನಾನು ಕಾಲ್ ಮಾಡಿದೆ. ಅವರ ಹತ್ತಿರ ಫ್ಲಶ್, ಒಂದೇ ಜಾತಿಯ ಐದು ಎಲೆ.

ಕೋಚ್ "ಫೋಲ್ಡ್ ಮಾಡಬೇಕಿತ್ತು" ಎನ್ನಲಿಲ್ಲ. "ಎಷ್ಟು ಸಲ ಗೆದ್ದರೆ ಈ ಕಾಲ್ ಸರಿ?" ಎಂದು ಕೇಳಿದರು. 6,500 ಕೊಟ್ಟರೆ ಒಟ್ಟು ಪಾಟ್ 21,700. ಶೇ 30 ಸಲ ಗೆಲ್ಲಬೇಕು. ಅದು ನನಗೆ ಗೊತ್ತಿತ್ತು. ಆಮೇಲೆ ಕೇಳಿದರು: "ಅವರು ಯಾವ ಎಲೆ ಇಟ್ಟುಕೊಂಡು ಬ್ಲಫ್ ಮಾಡುತ್ತಿದ್ದಾರೆ? ಒಂದೊಂದೇ ಹೆಸರು ಹೇಳಿ."

ಕೈಯಲ್ಲಿ ಎರಡೂ ಆಟೀನ್ ಎಲೆ ಇದ್ದವರಿಗೆ ಫ್ಲಶ್ ಆಗಿದೆ. ರಾಜ-ಹತ್ತು ಇದ್ದರೆ ಸ್ಟ್ರೇಟ್ (ಸಾಲಾಗಿ ಐದು ಎಲೆ) ಆಗಿದೆ. ಹತ್ತು-ಎಂಟು ಇದ್ದರೂ ಆಗಿದೆ. ಗುಲಾಮ-ಹತ್ತು ಅಂದೆ. "ಅವರಿಗೆ ಗುಲಾಮನ ಜೋಡಿ ಸಿಕ್ಕಿತಲ್ಲ, ಸುಮ್ಮನೆ ಚೆಕ್ ಮಾಡುತ್ತಾರೆ, 6,500 ಯಾಕೆ ಹಾಕುತ್ತಾರೆ?" ರಾಜ-ಗುಲಾಮ ಅಂದೆ. ಅದೇ ಉತ್ತರ. ಆ ರಿವರ್ ಎಲೆಗೆ ಎಲ್ಲರ ಡ್ರಾ, ಅಂದರೆ ಇನ್ನೊಂದು ಎಲೆಗೆ ಕಾಯುತ್ತಿದ್ದ ಕೈ, ತುಂಬಿಬಿಟ್ಟಿತ್ತು. ಬ್ಲಫ್ ಮಾಡಲು ಯಾರೂ ಉಳಿದಿರಲಿಲ್ಲ. ನನಗೆ ಬೇಕಿದ್ದು ಶೇ 30, ಕೈಗೆ ಸಿಕ್ಕಿದ್ದು ಹತ್ತಿರ ಹತ್ತಿರ ಸೊನ್ನೆ.

ಇದಕ್ಕೆ ಅರ್ಧ ಗಂಟೆ ಹಿಡಿಯಿತು. ಈ ವಿಷಯ ಯಾವ ವಿಡಿಯೊದಲ್ಲೂ ಇರುತ್ತದೆ. ಆದರೆ ವಿಡಿಯೊ ನಿಲ್ಲಿಸಿ "ಇನ್ನೊಂದು ಹೆಸರು ಹೇಳಿ" ಎಂದು ನನ್ನನ್ನು ಕೂರಿಸುವವರು ಇರುವುದಿಲ್ಲ. ನಾನು ದುಡ್ಡು ಕೊಟ್ಟಿದ್ದು ಅದಕ್ಕೆ. ಈಗ ರಿವರ್‌ನಲ್ಲಿ ಯಾರಾದರೂ ದೊಡ್ಡದಾಗಿ ಹಾಕಿದರೆ ಮನಸ್ಸಿನಲ್ಲಿ ಹೆಸರು ಎಣಿಸಲು ಶುರು ಮಾಡುತ್ತೇನೆ.

ಡೊಂಬಿವಲಿ ಸಿಎ · ಭಾನುವಾರ, ರಾತ್ರಿ 9:50

ಹೌದು ರಾಣಿ, ಸೋಲು ಕಡಿಮೆಯಾದರೆ ಅದು ಆದಾಯವಲ್ಲ, ತೆರಿಗೆ ಇಲ್ಲ. ಒಳ್ಳೆಯ ಪಾಯಿಂಟ್.

ಲೆಕ್ಕದ ಮೇಷ್ಟ್ರು · ಭಾನುವಾರ, ರಾತ್ರಿ 10:12

ರಾಣಿಯವರು ಹೇಳಿದ್ದು ಸರಿ, 5 ನಾನು ಇಟ್ಟ ಅಂಕಿ. ಆದರೆ 30ರಿಂದ 10ಕ್ಕೆ ಇಳಿಸುವ ಆ ಮೊದಲ 20 ಎಲ್ಲಿಂದ ಬರುತ್ತದೆ? ಕೆಟ್ಟ ಎಲೆ ಆಡದಿರುವುದು, ಸೋತಾಗ ಎದ್ದು ಬರುವುದು, ಕುಡಿದು ಕೂರದಿರುವುದು. ಇದಕ್ಕೆ 60,000 ಯಾಕೆ? ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2015ರ ಪೋಕರ್ ಕೋರ್ಸ್‌ನ ಪಾಠಗಳನ್ನು ಪುಕ್ಕಟೆಯಾಗಿ ಹಾಕಿದ್ದಾರೆ. ಅದು ಸಾಕು. ಪುಕ್ಕಟೆ ಸಿಗುವುದನ್ನು ಮುಗಿಸಿದ ಮೇಲೆ ಉಳಿಯುವ ಸುಧಾರಣೆಗೆ ಕೋಚ್ ಬೇಕು. ಅದು ಸಣ್ಣದು. ಆ ಸಣ್ಣದರಿಂದ ಫೀಸು ಹುಟ್ಟಿಸಲು ತುಂಬಾ ಹ್ಯಾಂಡ್ ಬೇಕು. ಅಷ್ಟು ಆಡುವವರು ಈಗ ಎಲ್ಲಿದ್ದಾರೆ?

ಆನ್‌ಲೈನ್ ಇದ್ದಾಗ ಒಂದು ಟೇಬಲ್‌ನಲ್ಲಿ ಗಂಟೆಗೆ 60–70 ಹ್ಯಾಂಡ್, ಒಟ್ಟಿಗೆ ನಾಲ್ಕು ಟೇಬಲ್. ಹುಡುಗನ ವರ್ಷದ ಆಟ ಅವರಿಗೆ ಒಂದು ದಿನದ್ದು. ಆಗ ಕೋಚಿಂಗ್ ಲೆಕ್ಕ ಕೂಡುತ್ತಿತ್ತು. ಫೀಸು ಹಳೇ ಕಾಲದ್ದು, ಆಟ ಹೊಸ ಕಾಲದ್ದು. ಅಲ್ಲೇ ಎಡವಟ್ಟಾಗಿರುವುದು.

ಬಾಂದ್ರಾ ಬ್ಲಫರ್ · ಸೋಮವಾರ, ಬೆಳಿಗ್ಗೆ 8:30

ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಡಿ ಬ್ರೋ. ವಿಪಿಎನ್ ಹಾಕಿದರೆ ವಿದೇಶದ ಆ್ಯಪ್‌ಗಳು ಈಗಲೂ ನಡೆಯುತ್ತವೆ. ನನ್ನ ಕೋಚ್ ಫೀಸೇ ತೆಗೆದುಕೊಳ್ಳುವುದಿಲ್ಲ. ಅವರು ಹೇಳಿದ ಆ್ಯಪ್‌ನಲ್ಲಿ ಆಡಬೇಕು, ಗೆದ್ದಿದ್ದರಲ್ಲಿ ಅರ್ಧ ಅವರಿಗೆ. ನಂಬರ್ ಬೇಕಾದವರು ಮೆಸೇಜ್ ಮಾಡಿ.

ನಿರ್ವಾಹಕರು · ಸೋಮವಾರ, ಬೆಳಿಗ್ಗೆ 8:55

ನಂಬರ್, ಲಿಂಕ್, ಆ್ಯಪ್ ಹೆಸರು ಇಲ್ಲಿ ಹಾಕುವಂತಿಲ್ಲ. ಮೆಸೇಜ್ ಮಾಡಿ ಎನ್ನುವುದೂ ಅದೇ. ಮತ್ತೊಮ್ಮೆ ಹಾಕಿದರೆ ಖಾತೆ ಹೋಗುತ್ತದೆ.

ಡೊಂಬಿವಲಿ ಸಿಎ · ಸೋಮವಾರ, ಮಧ್ಯಾಹ್ನ 12:15

ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ, ಬ್ಲಫರ್ ಅವರು ಓದಲಿ ಎಂದು.

2025ರ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿದ್ದ ಕಾಯ್ದೆ ದುಡ್ಡಿನ ಆನ್‌ಲೈನ್ ಆಟದಲ್ಲಿ ಕೌಶಲವೋ ಅದೃಷ್ಟವೋ ಎಂದು ನೋಡುವುದೇ ಇಲ್ಲ, ಎರಡನ್ನೂ ನಿಷೇಧಿಸುತ್ತದೆ. ಆಡುವವನಿಗೆ ಶಿಕ್ಷೆ ಇಟ್ಟಿಲ್ಲ. ಆಟ ಒದಗಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತು ಮಾಡುವವರಿಗೆ 2 ವರ್ಷ, 50 ಲಕ್ಷ. ಕಾಯ್ದೆಯನ್ನು ಕೋರ್ಟ್‌ನಲ್ಲಿ ಪ್ರಶ್ನಿಸಿದ್ದಾರೆ, ಅದು ಬೇರೆ ವಿಷಯ. "ಈ ಆ್ಯಪ್‌ನಲ್ಲೇ ಆಡಿ" ಎನ್ನುವ ಕೋಚ್‌ಗೆ ಆ ಆ್ಯಪ್‌ನಿಂದ ಕಮಿಷನ್ ಬರುತ್ತಿರಬಹುದು. ಹಾಗಿದ್ದರೆ ನೀವು ಸೋತರೂ ಅವರಿಗೆ ಲಾಭ. ಪುಕ್ಕಟೆ ಕೋಚಿಂಗ್ ಎಂದರೆ ಇದೇ. ನೀವು ಗೆದ್ದ ದುಡ್ಡು ಅವರು ಕೊಡದಿದ್ದರೆ ಯಾರ ಹತ್ತಿರ ಹೋಗುತ್ತೀರಿ?

ಇನ್ನು ಲಾಭದಲ್ಲಿ ಪಾಲು ಎಂಬ ಕರಾರು. 1872ರ ಕರಾರು ಕಾಯ್ದೆಯ ಕಲಂ 30 ಪ್ರಕಾರ ಬಾಜಿಯ ಕರಾರಿಗೆ ಬೆಲೆಯೇ ಇಲ್ಲ. ಹಳೇ ಮುಂಬಯಿ ಪ್ರಾಂತ್ಯದಲ್ಲಂತೂ 1865ರಲ್ಲೇ ಬಾಜಿಗೆ ಅಂಟಿಕೊಂಡ ಪಕ್ಕದ ಕರಾರುಗಳನ್ನೂ ಅಸಿಂಧು ಮಾಡಿದ್ದರು. ಪೋಕರ್ ಬಾಜಿಯೋ ಅಲ್ಲವೋ ಎನ್ನುವುದರಲ್ಲಿ ಹೈಕೋರ್ಟ್‌ಗಳೇ ಒಂದೇ ಮಾತು ಹೇಳಿಲ್ಲ. ಗುಜರಾತ್ ಹೈಕೋರ್ಟ್ 2017ರಲ್ಲಿ ಜೂಜು ಎಂದಿತು. ಕರ್ನಾಟಕ ಹೈಕೋರ್ಟ್ ಅದನ್ನು ಕೌಶಲದ ಆಟದ ಕಡೆಗೆ ನೋಡಿದೆ. ಅಂಥ ಕಡೆ ಅರ್ಧ ಪಾಲಿನ ಕಾಗದಕ್ಕೆ ಸಹಿ ಹಾಕುವುದು ನಿಮಗೂ ಒಳ್ಳೆಯದಲ್ಲ, ಕೋಚ್‌ಗೂ ಒಳ್ಳೆಯದಲ್ಲ.

ಪಣಜಿ ಪಕ್ಕದವನು · ಸೋಮವಾರ, ರಾತ್ರಿ 8:05

ಹಡಗಿನ ಆಟದಲ್ಲಿ ಪಾಲು ಇನ್ನೂ ತಮಾಷೆ. ನೀನು ಎಷ್ಟು ಗೆದ್ದೆ ಎಂದು ಕೋಚ್‌ಗೆ ಯಾರು ಹೇಳುತ್ತಾರೆ? ನಿನ್ನ ಬಾಯಿ ಮಾತು. ಎರಡನೇ ತಿಂಗಳಿಗೆ ಜಗಳ ಗ್ಯಾರಂಟಿ.

ಕೋಚ್‌ನ ದಾಖಲೆ ನೋಡಬೇಕು ಎನ್ನುತ್ತಾರೆ. ಆನ್‌ಲೈನ್‌ನಲ್ಲಾದರೆ ಗ್ರಾಫ್ ತೋರಿಸಬಹುದಿತ್ತು. ಅದರಲ್ಲೂ ಗೆದ್ದ ತಿಂಗಳು ಮಾತ್ರ ಕತ್ತರಿಸಿ ತೋರಿಸುವವರಿದ್ದರು. ಈಗ ಆ ಗ್ರಾಫ್ ಹಳೆಯದು. ಟೇಬಲ್ ಮೇಲೆ ಚಿಪ್ಸ್ ಗುಡ್ಡೆ ಹಾಕಿಕೊಂಡು ತೆಗೆದ ಫೋಟೋ ನೋಡಿ ಮರುಳಾಗಬೇಡ. ಆ ಚಿಪ್ಸ್ ಅವನದೇ ಎಂದು ಯಾರು ಹೇಳಿದರು? ಪಕ್ಕದವನ ಚಿಪ್ಸ್ ಎಳೆದುಕೊಂಡು ಫೋಟೋ ತೆಗೆಸಿಕೊಂಡವರಿಗೆ ನಾನೇ ಮೊಬೈಲ್ ಕೆಳಗಿಡಿ ಎಂದಿದ್ದೇನೆ. ಟೇಬಲ್‌ನಲ್ಲಿ ಫೋಟೋ ತೆಗೆಯಲು ಬಿಡುತ್ತಿರಲಿಲ್ಲ, ಆದರೂ.

ರಾಣಿ ಅಕ್ಕ ಮಾಡಿದ ಹಾಗೆ ಒಂದು ಗಂಟೆ ದುಡ್ಡು ಕೊಟ್ಟು ನಿನ್ನದೇ ಎರಡು ಹ್ಯಾಂಡ್ ಕೊಡು. ಅವನು ನಿನಗೆ ಪ್ರಶ್ನೆ ಕೇಳುತ್ತಾನಾ, ಇಲ್ಲ ತನ್ನ ಪ್ರತಾಪ ಹೇಳುತ್ತಾನಾ, ಅಷ್ಟು ನೋಡು.

ಹಿಂಜವಡಿ ಹುಡುಗ · ಸೋಮವಾರ, ರಾತ್ರಿ 10:20

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಕೋಚ್‌ಗೆ ಫೋನ್ ಮಾಡಿದೆ. ಪ್ಯಾಕೇಜ್ ಬೇಡ, ಒಂದು ಗಂಟೆ ಮಾತ್ರ ಎಂದೆ. "ಒಂದೊಂದು ಗಂಟೆ ಕೊಡುವುದಿಲ್ಲ, ಸಿಸ್ಟಮ್ ಪೂರ್ತಿ ಕಲಿತರೇ ಪ್ರಯೋಜನ" ಎಂದರು. ಹಡಗಿನ ಆಟವಾ ಎಂದು ಕೇಳಿದ್ದಕ್ಕೆ "ಬೇಸಿಕ್ಸ್ ಎಲ್ಲ ಕಡೆ ಒಂದೇ". ಈ ವಾರ ಕಟ್ಟಿದರೆ 50,000ಕ್ಕೆ ಕೊಡುತ್ತಾರಂತೆ. ಬೇಡ ಎಂದೆ.

ಆದರೆ ಕಲಿಯುವ ಆಸೆ ಹೋಗಿಲ್ಲ. ಮೇಷ್ಟ್ರೇ, ದುಡ್ಡು ನೋಡಿ ಗೊತ್ತಾಗುವುದಿಲ್ಲ ಎಂದಿರಿ. ಹಾಗಾದರೆ ಸುಧಾರಿಸಿದ್ದೇನೆ ಎಂದು ಹೇಗೆ ತಿಳಿಯುವುದು?

ಲೆಕ್ಕದ ಮೇಷ್ಟ್ರು · ಮಂಗಳವಾರ, ಬೆಳಿಗ್ಗೆ 6:50

ಗೋವಾದಿಂದ ಬರುವಾಗ ಬಸ್ಸಿನಲ್ಲಿ ನಿದ್ದೆ ಮಾಡುವ ಮುಂಚೆ ಕಷ್ಟ ಎನಿಸಿದ ಹ್ಯಾಂಡ್‌ಗಳನ್ನು ಬರೆದಿಡಿ. ಏನು ಮಾಡಿದೆ ಎನ್ನುವುದಕ್ಕಿಂತ ಯಾಕೆ ಮಾಡಿದೆ ಎಂದು ಬರೆಯಿರಿ. ಗೆದ್ದಿರೋ ಸೋತಿರೋ ಬರೆಯಬೇಡಿ, ಅದು ಕಣ್ಣಿಗೆ ಮಣ್ಣೆರಚುತ್ತದೆ. ಮೂರು ತಿಂಗಳು ಓದಿ, ಚರ್ಚಿಸಿ. ಆಮೇಲೆ ಅದೇ ಹ್ಯಾಂಡ್‌ಗಳನ್ನು ಹೊಸದಾಗಿ ಬಿಡಿಸಿ. ಹಳೇ ಕಾರಣ ಈಗಲೂ ಸರಿ ಅನಿಸುತ್ತದಾ ನೋಡಿ. ಕಾರಣ ಬದಲಾಗದಿದ್ದರೆ ಏನೂ ಕಲಿತಿಲ್ಲ. ಇದಕ್ಕೆ 1,30,000 ಹ್ಯಾಂಡ್ ಬೇಡ, ಒಂದು ನೋಟ್‌ಬುಕ್ ಸಾಕು.

ಒಬ್ಬರೇ ಮಾಡಿದರೆ ನಿಮ್ಮನ್ನು ನೀವೇ ಒಪ್ಪಿಸಿಕೊಂಡು ಬಿಡುತ್ತೀರಿ. ವಾಕಡ್, ಹಿಂಜವಡಿ ಕಡೆ ಇನ್ನೂ ಮೂವರು ಸಿಕ್ಕರೆ ನಮ್ಮ ಮನೆಗೇ ಬನ್ನಿ, ಭಾನುವಾರ ಬೆಳಿಗ್ಗೆ. ಉಪ್ಪಿಟ್ಟು ನನ್ನ ಕಡೆಯಿಂದ. ದುಡ್ಡು ಮಾತ್ರ ಟೇಬಲ್ ಮೇಲೆ ಬರಬಾರದು. ಇಲ್ಲಿ 1887ರ ಜೂಜು ತಡೆ ಕಾಯ್ದೆ ಇನ್ನೂ ಇದೆ, ನನಗೆ ಈ ವಯಸ್ಸಿನಲ್ಲಿ ಪೊಲೀಸ್ ಚೌಕಿ ಬೇಡ.

ಥಾಣೆ ರಾಣಿ · ಮಂಗಳವಾರ, ಬೆಳಿಗ್ಗೆ 9:15

ಒಳ್ಳೆಯ ಯೋಚನೆ. ನಾನು ವಿಡಿಯೊದಲ್ಲಿ ಸೇರುತ್ತೇನೆ. ಗುಂಪಿನಲ್ಲಿ ಎಲ್ಲರೂ ಸಿಕ್ಕಿಹಾಕಿಕೊಂಡ ಹ್ಯಾಂಡ್ ಬಂದಾಗ ಮಾತ್ರ ನಾಲ್ವರು ಸೇರಿ ಒಬ್ಬ ಕೋಚ್‌ಗೆ ಒಂದು ಗಂಟೆ ಕೊಟ್ಟರಾಯಿತು. ತಲೆಗೆ 1,000 ಬೀಳುತ್ತದೆ.

ಮಾಟುಂಗಾ ಮಾವ · ಮಂಗಳವಾರ, ಬೆಳಿಗ್ಗೆ 10:40

ದುಡ್ಡಿಲ್ಲದ ಇಸ್ಪೀಟಿಗೆ ಉಪ್ಪಿಟ್ಟು ಬೇರೆ. ಇದು ಪರವಾಗಿಲ್ಲ. ಆ ಆಟೀನ್ ಗುಲಾಮನ ಹ್ಯಾಂಡ್ ನಾನೂ ಕಾಗದದ ಮೇಲೆ ಬರೆದು ನೋಡಿದೆ. ರಮ್ಮಿಯಲ್ಲೂ ಕೆಳಗೆ ಬಿದ್ದ ಎಲೆ ನೋಡಿ ಎದುರಿನವನ ಕೈ ಊಹಿಸುತ್ತೇವೆ. ಆ ಮುದುಕ ಫ್ಲಾಪ್‌ನಲ್ಲಿ ಯಾಕೆ ರೇಜ್ ಮಾಡಲಿಲ್ಲ ಎಂದು ಮಾತ್ರ ತಿಳಿಯಲಿಲ್ಲ.

ಹಿಂಜವಡಿ ಹುಡುಗ · ಮಂಗಳವಾರ, ರಾತ್ರಿ 9:30

ಹಾಗಾದರೆ ಮೊದಲ ಹ್ಯಾಂಡ್ ನನ್ನದೇ. 100–200. ನನ್ನ ಕೈಯಲ್ಲಿ ಜೋಡಿ ಗುಲಾಮ. ನಾನು 900 ರೇಜ್, ಮೂವರು ಕಾಲ್. ಪಾಟ್ 3,700. ಫ್ಲಾಪ್: ಹತ್ತು, ಏಳು, ಮೂರು, ಮೂರೂ ಬೇರೆ ಬೇರೆ ಜಾತಿಯ ಎಲೆ. ನಾನು 2,500 ಹಾಕಿದೆ. ಇಬ್ಬರು ಬಿಟ್ಟರು, ಮೂರನೆಯವರು ಆಲ್-ಇನ್, ಮುಂದಿದ್ದ ಚಿಪ್ಸ್ ಎಲ್ಲ ಹಾಕಿದರು. ಕಾಲ್ ಮಾಡಬೇಕಾ, ಬೇಡವಾ? ಏನಾಯಿತು ಎಂದು ಹೇಳುವುದಿಲ್ಲ.

ಥಾಣೆ ರಾಣಿ · ಮಂಗಳವಾರ, ರಾತ್ರಿ 9:44

ಅವರ ಮುಂದೆ ಚಿಪ್ಸ್ ಎಷ್ಟಿತ್ತು? 6,000 ಆಲ್-ಇನ್ ಬೇರೆ, 40,000 ಆಲ್-ಇನ್ ಬೇರೆ. ಅದನ್ನು ಬರೆಯದೆ ಉತ್ತರ ಇಲ್ಲ.